ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯೂ ಪಾಠವಾಗಲಿ

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಯಾವ ಭಾಷೆ ಕಲಿತರೆ ಉದ್ಯೋಗ ಸಿಗುತ್ತದೆ ಎಂಬಲ್ಲಿಗೇ ನಿಲ್ಲುತ್ತವೆ. ಪಠ್ಯಕ್ರಮ ಪರಿಷ್ಕರಿಸುವವರೂ ಹಳೆಯ ಭಾಷೆಯನ್ನು ಕೈಬಿಟ್ಟು ಹೊಸದನ್ನು ಸೇರಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಒಂದು ಭಾಷೆ ಯಾವ ತೊಡಕನ್ನು ಬಿಡಿಸಲು ಹುಟ್ಟಿತು, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿತು ಎಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ.

1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗ, ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ರಚಿಸುವ ಕೋಡ್ ಮನುಷ್ಯ ಬರೆದ ಯಂತ್ರಭಾಷೆಯ ಕೋಡಿನಷ್ಟು ವೇಗವಾಗಿ ಓಡಲಾರದೆಂಬ ಅನುಮಾನ ಬಲವಾಗಿದ್ದುದರಿಂದ, ತಂಡದ ಶ್ರಮದ ದೊಡ್ಡ ಪಾಲು ವೇಗ ಸಾಧಿಸುವುದಕ್ಕೇ ಹೋಯಿತು. ಅನಂತರದ ದಶಕದಲ್ಲಿ ಬ್ರಿಟನ್ನಿನ ಎಲಿಯಟ್ ಬ್ರದರ್ಸ್ ಸಂಸ್ಥೆಗಾಗಿ ಆಲ್ಗಾಲ್ 60 ಭಾಷೆಯ ಕಂಪೈಲರ್ ರೂಪಿಸಿದ ಟೋನಿ ಹೋರ್ ಬೇರೆ ದಾರಿ ಹಿಡಿದರು. ಪ್ರೋಗ್ರಾಂ ಓಡುವಾಗ ಅರೇಯ (ಸಾಲಾಗಿ ಜೋಡಿಸಿಟ್ಟ ಮೌಲ್ಯಗಳ ಪಟ್ಟಿಯ) ಪ್ರತಿ ಸೂಚಿಯೂ, ಅಂದರೆ ಸ್ಥಾನಸಂಖ್ಯೆಯೂ, ಮಿತಿಯೊಳಗಿದೆಯೇ ಎಂದು ಅವರ ಕಂಪೈಲರ್ ಪರೀಕ್ಷಿಸುತ್ತಿತ್ತು. ವೇಗಕ್ಕಾಗಿ ಈ ಪರೀಕ್ಷೆಯನ್ನು ನಿಲ್ಲಿಸುವ ಸೌಲಭ್ಯ ಬೇಕೇ ಎಂದು ಕೇಳಿದಾಗ ಗ್ರಾಹಕರು ಒಮ್ಮತದಿಂದ ಬೇಡವೆಂದರೆಂದು 1980ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಅವರೇ ನೆನೆದಿದ್ದಾರೆ. ಈ ಪ್ರಸಂಗ ಪ್ರೋಗ್ರಾಮಿಂಗ್ ಕಲಿಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆ ಮಿತಿ ಪರೀಕ್ಷಿಸುವ ಹೊಣೆಯನ್ನು ಪ್ರೋಗ್ರಾಂ ಬರೆಯುವವನಿಗೇ ಬಿಟ್ಟಿತು. ಅಂದಿನ ಸಣ್ಣ ಮೆಮೊರಿಯ ಯಂತ್ರಗಳಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯಲು ಹೊರಟವರಿಗೆ ಅದು ಸಕಾರಣವಾದ ಆಯ್ಕೆಯೇ ಆಗಿತ್ತು. ರಿಚಿಯವರ ಸಾಧನೆಯನ್ನು ನಾನು ಕಿರಿದುಗೊಳಿಸುತ್ತಿಲ್ಲ. ಆದರೆ ಯಂತ್ರಗಳು ದೊಡ್ಡವಾಗಿ, ಒಂದಕ್ಕೊಂದು ಜೋಡಣೆಗೊಂಡ ಮೇಲೂ ಆ ಆಯ್ಕೆ ಹಾಗೆಯೇ ಉಳಿಯಿತು. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ (ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿದ ಪ್ರೋಗ್ರಾಂ) ಹರಡಿದ ದಾರಿಗಳಲ್ಲೊಂದು, ಬರುವ ಅಕ್ಷರಗಳಿಗೆ ಮಿತಿಯನ್ನೇ ಹಾಕದ ಸಿ ಭಾಷೆಯ 'ಗೆಟ್ಸ್' ಫಂಕ್ಷನ್. ಅದನ್ನು ಭಾಷೆಯ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ.

2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯ ಸುರಕ್ಷತೆಯನ್ನು ಇಂದು ಎಲ್ಲರೂ ಹೊಗಳುತ್ತಾರೆ. ಮೆಮೊರಿಯ ಒಡೆತನವನ್ನು ಕಂಪೈಲರೇ ಲೆಕ್ಕವಿಡುವಂತೆ ಮಾಡಿದ ಅದರ ಕ್ರಮ ನಿಜಕ್ಕೂ ಮೆಚ್ಚುವಂಥದು. ಆದರೆ ಅದರ ಅರೇ ಮಿತಿ ಪರೀಕ್ಷೆ ಆಲ್ಗಾಲ್ ಕಾಲದ್ದು. ನಡುವಿನ ದಶಕಗಳಲ್ಲಿ ಪ್ಯಾಸ್ಕಲ್, ಏಡಾ, ಜಾವಾ ಬಳಸಿದವರಿಗೂ ಅದು ಪರಿಚಿತವೇ.

ಆದ್ದರಿಂದ ಸಿ ಭಾಷೆಯ ಅರೇಗಳನ್ನು ಕಲಿಸುವ ತರಗತಿಯಲ್ಲೇ ಹೋರ್ ಅವರ ಕಂಪೈಲರನ್ನೂ 1988ರ ಘಟನೆಯನ್ನೂ ಕಲಿಸುವಂತಾಗಬೇಕು. ಪಠ್ಯಕ್ರಮ ಸಮಿತಿಗಳು ಇದಕ್ಕಾಗಿ ಪ್ರತ್ಯೇಕ ಪತ್ರಿಕೆ ರೂಪಿಸಬೇಕಾಗಿಲ್ಲ, ಇರುವ ಪಾಠದಲ್ಲೇ ಒಂದೆರಡು ಅವಧಿ ಮೀಸಲಿಟ್ಟರೆ ಸಾಕು. ತಾವೂ ಇಂತಹ ಬರಹಗಳಿಗೆ ಸ್ಥಳ ನೀಡಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ