ನಿನ್ನ ಹೆಸರು ಗೊತ್ತಿರುವವನು

ಶಿವಮೊಗ್ಗ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಸಿಕ್ಕಿತು. ಅಡಿಕೆ ತೋಟದ ವಿಷಯ, ಅದನ್ನು ಮಾರಿಬಿಡು ಅಂತ ಅಕ್ಕ-ಭಾವ ಹೇಳುತ್ತಿರುವುದು, ಬೆಂಗಳೂರಿನ ಕೆಲಸದ ಚಿಂತೆ, ಎಲ್ಲಾ ಓದಿದೆ. ಆದರೆ ಮನಸ್ಸಿಗೆ ನಾಟಿದ್ದು ಕೊನೆಯಲ್ಲಿ ನೀನು ಬರೆದ ಒಂದೇ ಸಾಲು. "ಅಪ್ಪ ಹೋದ ಮೇಲೆ ನನ್ನನ್ನು ಪುಟ್ಟ ಅಂತ ಕರೆಯುವವರು ಯಾರೂ ಉಳಿದಿಲ್ಲ ಮಾರಾಯ." ಇದಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಮ್ಮನಿಗೆ ಮರೆವಿನ ಕಾಯಿಲೆ ಇರುವುದು ನಿನಗೆ ಗೊತ್ತೇ ಇದೆ. ಈಗ ಜಾಸ್ತಿಯಾಗಿದೆ. ಮೊದಲು ಅಕ್ಕಪಕ್ಕದವರ ಹೆಸರು ಹೋಯಿತು, ಆಮೇಲೆ ಮೊಮ್ಮಕ್ಕಳದ್ದು. ಈ ಮಳೆಗಾಲ ಶುರುವಾದ ಮೇಲೆ ನನ್ನದೂ ಹೋಯಿತು. ಒಂದು ಸಂಜೆ ಒದ್ದೆ ಕೊಡೆ ಮಡಚಿಕೊಂಡು ಜಗಲಿ ಹತ್ತಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, "ಕೂತ್ಕೊಳ್ಳಿ. ನೀವು ಯಾರ ಮನೆಯವರಾಯ್ತು?" ಅಂದಳು. ಹೊಸ ನೆಂಟರನ್ನು ವಿಚಾರಿಸುವ ಅದೇ ಮರ್ಯಾದೆಯ ದನಿ. ನಾನು ಕೂತೆ. ಏನು ಹೇಳಬೇಕೋ ತೋಚಲಿಲ್ಲ.

ಕತ್ತಲಾಗುತ್ತಿದ್ದ ಹಾಗೆ "ಮನೆಗೆ ಕರ್ಕೊಂಡು ಹೋಗು" ಎಂದು ಶುರು ಮಾಡುತ್ತಾಳೆ. ಇದೇ ಮನೆ ಅಮ್ಮಾ ಅಂದರೆ ಒಪ್ಪುವುದಿಲ್ಲ. ಅವಳು ಕೇಳುತ್ತಿರುವುದು ಶರಾವತಿ ದಡದ ಮನೆಯನ್ನು. ಅಜ್ಜ ಅಲ್ಲಿ ಶಾಲೆ ಮೇಷ್ಟ್ರಾಗಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದು ನೀರು ನಿಂತಾಗ ಗದ್ದೆ, ಶಾಲೆ, ಅಂಗಳ ಎಲ್ಲ ಮುಳುಗಿದವು. ಕಡು ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ಜನ ನೋಡಲು ಹೋಗುತ್ತಾರೆ. ಅಮ್ಮನ ಅಂಗಳ ಆಗಲೂ ಕಾಣುವುದಿಲ್ಲ. ನಾಡಿಗೆ ಕರೆಂಟು ಬಂತು, ಅದು ನಿಜ. ಅದಕ್ಕಾಗಿ ಮನೆ ಬಿಟ್ಟು ಎದ್ದು ಬಂದವರನ್ನು ನೆನೆಯುವವರು ಕಡಿಮೆ, ಅದೂ ನಿಜ.

ಈ ರಾತ್ರಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸತ್ಯವೇದದ, ಅಂದರೆ ಬೈಬಲ್ಲಿನ, ಪ್ರವಾದಿ ಯೆಶಾಯನ ಪುಸ್ತಕದ 49ನೇ ಅಧ್ಯಾಯ. ಅದು ಊರು ಕಳೆದುಕೊಂಡವರಿಗೇ ಹೇಳಿದ ಮಾತು. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟು, ಜನರನ್ನು ಸೆರೆಹಿಡಿದು ಒಯ್ದಿತ್ತು. ದೇವರು ನಮ್ಮನ್ನು ಮರೆತೇಬಿಟ್ಟ ಎಂಬ ಗೋಳು ಅಲ್ಲಿ ಕೇಳುತ್ತದೆ. ಅದಕ್ಕೆ ದೇವರು ಕೇಳುತ್ತಾನೆ, ಹೆತ್ತ ತಾಯಿ ಹಾಲುಣ್ಣುವ ಕೂಸನ್ನು ಮರೆತಾಳೇ? ಎಲ್ಲಾದರೂ ಉಂಟೇ ಅಂತ ನಾವು ಅನ್ನುತ್ತೇವೆ, ಅಲ್ವಾ? ಆದರೆ ದೇವರು ಹಾಗೆನ್ನುವುದಿಲ್ಲ. ಅವಳು ಮರೆತರೂ ಮರೆತಾಳು, ನಾನು ನಿನ್ನನ್ನು ಮರೆಯುವುದಿಲ್ಲ, ನನ್ನ ಅಂಗೈಗಳ ಮೇಲೆ ನಿನ್ನನ್ನು ಕೆತ್ತಿಕೊಂಡಿದ್ದೇನೆ ಎನ್ನುತ್ತಾನೆ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಮಾತು ಇದು. ತಾಯಿ ಮರೆತ ಮಗನಾಗಿ ಈಗ ಓದುವಾಗ ಅದರ ತೂಕವೇ ಬೇರೆ. ಇಂಥ ಸಂಜೆಯೂ ಒಂದು ಮನೆಯಲ್ಲಿ ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ನನ್ನ ಹೆಸರು ಹೋದದ್ದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅಮ್ಮನಿಗೆ ತಾನು ಯಾರೆಂದೇ ತಿಳಿಯದೆ ಹೋದರೆ ಅಮ್ಮ ಎಲ್ಲಿ ಉಳಿದಳು? ಅವಳ ಬಾಲ್ಯ, ಆ ಅಂಗಳ, ಅಪ್ಪನೂ ಅವಳೂ ಇಬ್ಬರೇ ಆಡಿಕೊಂಡ ಮಾತು, ಇವೆಲ್ಲ ಈಗ ಯಾರ ಹತ್ತಿರ ಇವೆ? ಬೈಬಲ್ಲಿನ 139ನೇ ಕೀರ್ತನೆಯಲ್ಲಿ ದಾವೀದ ದೇವರಿಗೆ ಹೇಳುತ್ತಾನೆ, ನಾನು ಕೂರುವುದೂ ಏಳುವುದೂ ನಿನಗೆ ಗೊತ್ತು, ನನ್ನ ನಾಲಿಗೆಗೆ ಮಾತು ಬರುವ ಮೊದಲೇ ನಿನಗೆ ತಿಳಿದಿರುತ್ತದೆ ಅಂತ. ಅಮ್ಮನ ನಾಲಿಗೆಯ ತನಕ ಬಂದು ಅಲ್ಲೇ ನಿಂತುಹೋಗುವ ಮಾತೂ ಅವನಿಗೆ ತಿಳಿದಿದೆ ಎಂದು ನಾನು ಓದಿಕೊಳ್ಳುತ್ತೇನೆ. ಅವಳು ಕಳೆದುಕೊಂಡ ಒಂದೊಂದು ನೆನಪೂ ಅವನ ಹತ್ತಿರ ಭದ್ರವಾಗಿದೆ. ಇದನ್ನು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ.

ರಾತ್ರಿ ಊಟವಾದ ಮೇಲೆ ಅವಳ ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡುತ್ತೇನೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ನಾನು ಶುರು ಮಾಡಿದರೆ ಸಾಕು. ಹೊದಿಕೆಯ ಅಂಚನ್ನು ಎಳೆಯುತ್ತಾ ಇದ್ದ ಬೆರಳುಗಳು ನಿಲ್ಲುತ್ತವೆ. ಎರಡೂ ಕೈ ಜೋಡಿಸುತ್ತಾಳೆ. ಅನುದಿನದ ಆಹಾರ ಎನ್ನುವ ಹೊತ್ತಿಗೆ ಅವಳ ದನಿ ನನ್ನದಕ್ಕಿಂತ ಮುಂದಿರುತ್ತದೆ. ಆಮೆನ್ ತನಕ ಒಂದು ಪದ ತಪ್ಪುವುದಿಲ್ಲ. ಎಳವೆಯಿಂದ ಹೇಳಿ ಹೇಳಿ ರೂಢಿಯಾದದ್ದು ಈ ಕಾಯಿಲೆಯಲ್ಲೂ ತುಂಬಾ ಕಾಲ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಸರಿ. ಅದರಿಂದ ನನ್ನ ಸಮಾಧಾನ ಏನೂ ಕಡಿಮೆಯಾಗಲಿಲ್ಲ. ಮಗ ಯಾರೋ ಆಗಿಬಿಟ್ಟ ಮೇಲೂ ಅವಳು ಕರೆಯಲು ಒಬ್ಬ ತಂದೆ ಇದ್ದಾನೆ.

ಹಾಗರಳ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 16ನೇ ಅಧ್ಯಾಯದಲ್ಲಿದೆ. ಐಗುಪ್ತದ, ಅಂದರೆ ಈಜಿಪ್ಟಿನ, ದಾಸಿ ಅವಳು. ಬಸುರಿ. ಒಡತಿ ಸಾರಯಳ ಕಾಟ ತಾಳಲಾರದೆ ಮರುಭೂಮಿಗೆ ಓಡಿಹೋಗುತ್ತಾಳೆ. ಆ ಅಧ್ಯಾಯದಲ್ಲಿ ಸಾರಯಳಾಗಲಿ ಅವಳ ಗಂಡ ಅಬ್ರಾಮನಾಗಲಿ ಒಂದು ಸಲವೂ ಹಾಗರಳ ಹೆಸರು ಎತ್ತುವುದಿಲ್ಲ. ಅವರ ಬಾಯಲ್ಲಿ ಅವಳು ಬರೀ ದಾಸಿ. ಶೂರಿನ ದಾರಿಯ ಒರತೆಯ ಹತ್ತಿರ ಅವಳನ್ನು ಕಂಡ ದೇವದೂತನೇ ಮೊದಲು ಅವಳನ್ನು ಹೆಸರು ಹಿಡಿದು ಕರೆಯುವುದು. ಆಮೇಲೆ ಕೇಳುತ್ತಾನೆ, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ? ನಮ್ಮ ಕಡೆ ಬೇಲಿ ಪಕ್ಕ ನಿಂತ ಅಜ್ಜಿಯರು ದಾರಿಹೋಕರನ್ನು ಕೇಳುವ ಪ್ರಶ್ನೆಯೇ ನೋಡು. ಗೊತ್ತಿಲ್ಲದೆ ಕೇಳಿದ್ದಲ್ಲ, ಅವಳ ಬಾಯಿಂದಲೇ ಕೇಳಬೇಕು ಅಂತ ಕೇಳಿದ್ದು. ಒಡತಿಯ ಮನೆಗೆ ವಾಪಸ್ಸು ಹೋಗು ಅನ್ನುತ್ತಾನೆ. ಆ ಮಾತು ನನಗೆ ಇವತ್ತಿಗೂ ಕಷ್ಟ. ಆದರೆ ಹಾಗರಳು ಅಲ್ಲೇ ನಿಂತು ದೇವರಿಗೊಂದು ಹೆಸರಿಡುತ್ತಾಳೆ: ನನ್ನನ್ನು ನೋಡುವ ದೇವರು. ಯಾರ ಲೆಕ್ಕಕ್ಕೂ ಇಲ್ಲದವಳ ಬಾಯಲ್ಲಿ ಬಂದ ಹೆಸರು ಅದು.

ನಿನ್ನ ಮನೆಯ ಭಕ್ತಿಯ ದಾರಿ ಬೇರೆ, ನನ್ನದು ಬೇರೆ. ನಾನು ನಂಬಿದವನ ಬಗ್ಗೆಯೇ ನಾನು ಹೇಳಬಲ್ಲೆ. ನಿನ್ನಪ್ಪ ತೋಟಕ್ಕೆ ಇಳಿಯುವಾಗ ಗುನುಗುತ್ತಿದ್ದ ಕನಕದಾಸರ ಪದ ನೆನಪಿದೆಯಾ, ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ಕೇಳುತ್ತದಲ್ಲ, ಅದು? ನಿನ್ನಪ್ಪನಿಗೆ ಉತ್ತರ ಗೊತ್ತಿತ್ತು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನಿನಗಾಗಿ ಪ್ರಾರ್ಥನೆ ಮಾಡುವಾಗ ನಾನು ಆಫೀಸಿನಲ್ಲಿ ಕರೆಯುವ ಹೆಸರು ಹೇಳುವುದಿಲ್ಲ. ಪುಟ್ಟ ಅಂತಲೇ ಹೇಳುತ್ತೇನೆ. ಯಾರ ವಿಷಯ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಇನ್ನು ತೋಟ. ಮಾರಬೇಕೋ ಉಳಿಸಿಕೊಳ್ಳಬೇಕೋ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೊಳೆರೋಗ, ಎಲೆಚುಕ್ಕಿ ರೋಗ, ಆಳಿನ ತೊಂದರೆ, ಎಲ್ಲ ಇದ್ದದ್ದೇ. ದೇವರು ನಡೆಸುತ್ತಾನೆ ಅಂದರೆ ಮುಂದಿನ ಐದು ವರ್ಷವನ್ನು ಬಿಡಿಸಿ ತೋರಿಸುತ್ತಾನೆ ಎಂದು ನಾನು ತಿಳಿದಿಲ್ಲ. ನಿನ್ನ ವಾಕ್ಯ ನನ್ನ ಕಾಲಿಗೆ ದೀಪ ಎನ್ನುತ್ತದೆ 119ನೇ ಕೀರ್ತನೆ. ಮಳೆಗಾಲದ ರಾತ್ರಿ ಹಳ್ಳದ ಮೇಲಿನ ಅಡಿಕೆ ದಬ್ಬೆಯ ಸಂಕ ದಾಟಿದವನು ನೀನು. ಮಂಜಿನಲ್ಲಿ ಟಾರ್ಚನ್ನು ದೂರಕ್ಕೆ ಬಿಟ್ಟರೆ ಬರೀ ಬಿಳುಪು. ಪಾದದ ಹತ್ತಿರ ಬಿಟ್ಟರೆ ಕಾಲಿಡುವ ಜಾಗ ಕಾಣುತ್ತದೆ. ಅಮ್ಮನ ವಿಷಯದಲ್ಲೂ ನನಗೆ ಹೀಗೇ ಆಗಿದೆ. ಮುಂದಿನ ವರ್ಷ ಏನಪ್ಪಾ ಗತಿ ಎಂದು ಕೇಳಿದಾಗ ಏನೂ ಸಿಗಲಿಲ್ಲ. ನಾಳೆ ಹಗಲು ಅವಳ ಜೊತೆ ಯಾರಿರುತ್ತಾರೆ ಎಂದು ಕೇಳಿಕೊಂಡ ಬೆಳಿಗ್ಗೆ, ಹಿಂದಿನ ಬೀದಿಯ ಒಬ್ಬರು ಅಕ್ಕ ತಾವಾಗಿಯೇ ಬಂದು, "ನಾನು ಕೂತಿರ್ತೀನಿ, ನೀವು ಕೆಲಸಕ್ಕೆ ಹೋಗಿ" ಅಂದರು. ಈಗಲೂ ಬರುತ್ತಿದ್ದಾರೆ. ಅವರನ್ನು ಕಳಿಸಿದವನು ಯಾರೆಂದು ನನಗೆ ಅನುಮಾನವಿಲ್ಲ.

ಅದಕ್ಕೇ ಹೇಳುತ್ತೇನೆ, ಭಾವನ ಒತ್ತಾಯಕ್ಕೆ ಯಾವ ಕಾಗದಕ್ಕೂ ಈಗಲೇ ಸಹಿ ಹಾಕಬೇಡ. ಒಂದು ಸಂಜೆ ಯಾರೂ ಇಲ್ಲದ ಹೊತ್ತು ನೋಡಿ, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟಿದ್ದೀಯ ಎಂಬುದನ್ನೆಲ್ಲ ಅವನ ಹತ್ತಿರ ಹೇಳಿಕೋ. ಅಳು ಬಂದರೆ ಅತ್ತುಬಿಡು. ಈ ಸಲದ ಮಟ್ಟಿಗೆ ತೋಟಕ್ಕೆ ಔಷಧಿ ಹೊಡೆಸೋಣ. ತೀರ್ಥಹಳ್ಳಿ ಕಡೆಯ, ಅಡಿಕೆ ಮರ ಹತ್ತುವ ಕೊನೆಗಾರರೊಬ್ಬರನ್ನು ಕೇಳಿದ್ದೇನೆ, ಮಳೆ ಎರಡು ದಿನ ಹೊಳವಾದರೆ ಬರುತ್ತಾರಂತೆ. ಔಷಧಿಗೆ ಬೇಕಾದ ಸುಣ್ಣ, ಮೈಲುತುತ್ತ ನಾನು ಇಲ್ಲಿಂದ ತರುತ್ತೇನೆ. ನೀನು ಶನಿವಾರ ರಾತ್ರಿಯ ಬಸ್ಸು ಹತ್ತು.

ನಿನ್ನ ಗೆಳೆಯ