ವಾರಸಾ ಮಾಡಿಸಿಬಿಡಿ ಅಪ್ಪಾ

ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ಊಟ, ಕೆಲಸ ಎಲ್ಲ ಸರಿಯಾಗಿ ನಡೆದಿದೆ.

ನಿಮ್ಮ ಪತ್ರ ಬಂದಾಗಿನಿಂದ ತಲೆಯಲ್ಲಿ ಅದೇ ಕೂತಿದೆ. ಪಿಎಂ ಕಿಸಾನ್ ಕಂತು ನಿಂತುಹೋಯಿತು ಅಂತ ಬೇಸರ ಮಾಡಿಕೊಂಡಿದ್ದೀರಿ. ವರ್ಷಕ್ಕೆ 6,000 ರೂಪಾಯಿ, ಅಷ್ಟನ್ನು ನಾನೇ ಕಳಿಸುತ್ತೇನೆ. ನನ್ನ ಚಿಂತೆ ಬೇರೆ. ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇದೆ. ವಾರಸಾ ಮಾಡಿಸಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿ, ಉತಾರದಲ್ಲಿ (ಪಹಣಿಯಲ್ಲಿ) ನಿಮ್ಮ ಹೆಸರು ಬರುವವರೆಗೆ ಕಂತಿಲ್ಲ, ಬ್ಯಾಂಕಿನ ಬೆಳೆಸಾಲ ಇಲ್ಲ, ಬೆಳೆವಿಮೆಗೂ ತೊಡಕು. ಅಜ್ಜ ತೀರಿಕೊಂಡ 2023ರಲ್ಲೇ ಬರ ಬಿತ್ತು. ಸರ್ಕಾರ 223 ತಾಲೂಕು ಬರಪೀಡಿತ ಅಂತ ಸಾರಿತು. ಪಕ್ಕದ ಹೊಲದವರ ಖಾತೆಗೆ ಪರಿಹಾರ ಬಂತು, ನಮಗೆ ಬರಲಿಲ್ಲ. ಆವತ್ತೇ ಎಚ್ಚರಾಗಬೇಕಿತ್ತು. ಈಗ ಬೀಜ ಗೊಬ್ಬರಕ್ಕೆ ಕೈಗಡ ತೆಗೆದೆ ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀರಿ. ಎಷ್ಟು? ಯಾವ ಬಡ್ಡಿಗೆ? ಮುಚ್ಚಿಡದೆ ಬರೆಯಿರಿ.

ಅಮೆರಿಕದಲ್ಲಿ ರೈತರಿಗೆ ಇಂಥ ಅಲೆದಾಟ ಇರಲಿಕ್ಕಿಲ್ಲ ಅಂದಿದ್ದೀರಿ. ಇದೆ ಅಪ್ಪಾ. ನಾನಿರುವ ಬೂನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಎತ್ತ ನೋಡಿದರೂ ಗೋವಿನಜೋಳ, ಸೋಯಾ. ರಾಣೆಬೆನ್ನೂರಿನ ದಾರಿ ಹಿಡಿದ ಹಾಗೇ ಅನಿಸುತ್ತದೆ. ಯಾವ ಹೊಲಕ್ಕೆ ಏನು ಬಿತ್ತಿದ್ದೇವೆ ಅಂತ ಇವರೂ ಜುಲೈ 15ರೊಳಗೆ ಸರ್ಕಾರದ ಕೃಷಿ ಕಚೇರಿಗೆ ಬರೆದುಕೊಡಬೇಕು, ನಮ್ಮ ಬೆಳೆ ಸಮೀಕ್ಷೆಯ ಹಾಗೆ. ಆ ಕಚೇರಿಯ ಸಮಿತಿಗೆ ರೈತರೇ ವೋಟು ಹಾಕಿ ತಮ್ಮವರನ್ನು ಆರಿಸುತ್ತಾರೆ. ಅದು ನನಗೆ ತುಂಬಾ ಹಿಡಿಸಿತು.

ನನ್ನ ಮನೆ ಒಡತಿ ಅಜ್ಜಿ ಹಳ್ಳದ ದಂಡೆಯ ಹೊಲವನ್ನು ಉಳದೆ ಹುಲ್ಲಿಗೆ ಬಿಟ್ಟಿದ್ದಾರೆ. ಮಣ್ಣು ಕೊಚ್ಚಿಹೋಗಬಾರದು, ಹಕ್ಕಿಗಳಿಗೆ ನೆಲೆ ಇರಬೇಕು ಅಂತ ಅದಕ್ಕೆ ಸರ್ಕಾರವೇ ಬಾಡಿಗೆ ಕೊಡುತ್ತದೆ! 1985ರ ಕಾಯ್ದೆಯಿಂದ ಶುರುವಾದದ್ದು. 10ರಿಂದ 15 ವರ್ಷದ ಕರಾರು. ಅವ್ವನಿಗೆ ಹೇಳಿದರೆ ನಂಬಲಿಕ್ಕಿಲ್ಲ. ಗಂಡ ತೀರಿಕೊಂಡಾಗ ಈ ಅಜ್ಜಿಯೂ ಮರಣ ದಾಖಲೆ ಹಿಡಿದು ಹೋಗಿ, ಕರಾರು ತಮ್ಮ ಹೆಸರಿಗೆ ಮಾಡಿಸಿಕೊಂಡರಂತೆ. ಹಿಂದೆ ಇಲ್ಲಿಯೂ ಸಡಿಲ ಇತ್ತು. 1999ರಿಂದ 2005ರವರೆಗೆ 110 ಕೋಟಿ ಡಾಲರ್ ಕೃಷಿ ಸಹಾಯಧನ ತೀರಿಕೊಂಡವರ ಹೆಸರಿಗೇ ಹೋಗಿತ್ತು ಅಂತ 2007ರಲ್ಲಿ ಸರ್ಕಾರದ ಲೆಕ್ಕ ತಪಾಸಣೆಯಲ್ಲೇ ಹೊರಬಿತ್ತು.

ನೀವು ಯಾಕೆ ತಡ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು. ವಂಶಾವಳಿ ಬರೆಸಿದರೆ ಅತ್ತೆಯಂದಿರ ಹೆಸರೂ ಬರುತ್ತದೆ, ಅದಕ್ಕೆ ಅಲ್ವಾ? ಬರಲಿ ಅಪ್ಪಾ. ಅಜ್ಜನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವರು ದೊಡ್ಡತ್ತೆ. 2005ರಿಂದ ಕಾಯ್ದೆಯಲ್ಲೂ ಮಗಳಿಗೆ ಸಮಪಾಲಿದೆ. ಅವರು ಕೇಳಿದರೆ ಕೊಡೋಣ. ಬೇಡ ಅಂದರೆ ಅವರೇ ನೋಂದಣಿ ಮಾಡಿಸಿ ಬಿಟ್ಟುಕೊಡಲಿ. ಹೆಸರು ಮುಚ್ಚಿಟ್ಟು ಮಾತ್ರ ಮಾಡಿಸಬೇಡಿ. ನಾಳೆ ತಮ್ಮ ನನ್ನ ಹೆಸರನ್ನು ಹಾಗೆ ಬಿಟ್ಟರೆ ನನಗೆ ಹೇಗಾಗುತ್ತದೆ ಹೇಳಿ. ಜಮೀನು ಹೋಯಿತು ಅಂತ ಅಳುವುದಿಲ್ಲ. ಈ ಮನೆಯಲ್ಲಿ ನಾನು ಹುಟ್ಟಲೇ ಇಲ್ಲ ಅಂತ ಬರೆದ ಹಾಗಾಯಿತಲ್ಲ ಅಂತ ಅಳುತ್ತೇನೆ.

ಪಂಚಮಿಗೆ ಅತ್ತೆಯಂದಿರಿಬ್ಬರೂ ಬರುತ್ತಾರಲ್ಲ. ಉಂಡಿ ತಿಂದು ಕೂತಾಗ ನೀವೇ ಮಾತು ತೆಗೆಯಿರಿ. ಮರಣ ದಾಖಲೆ ಟ್ರಂಕಿನಲ್ಲಿ ಅಜ್ಜನ ಪಟಕಾದ ಕೆಳಗಿದೆ. ತಮ್ಮನನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿ. ಒಬ್ಬರೇ ಬಿಸಿಲಲ್ಲಿ ಸಾಲು ನಿಲ್ಲಬೇಡಿ, ಬಿಪಿ ಗುಳಿಗೆ ತಪ್ಪಿಸಬೇಡಿ.

ತಮ್ಮನ ಖಾತೆಗೆ 25,000 ಹಾಕಿದ್ದೇನೆ. ಮೊದಲು ಕೈಗಡ ತೀರಿಸಿ. ನನಗೆ ಏನೂ ಕಡಿಮೆ ಬಿದ್ದಿಲ್ಲ. ಸಂಬಳ ಸರಿಯಾಗಿ ಬರುತ್ತಿದೆ, ಆರೋಗ್ಯ ಚೆನ್ನಾಗಿದೆ, ಜೋಳದ ರೊಟ್ಟಿಯೂ ಮಾಡಿಕೊಳ್ಳುತ್ತೇನೆ. ನಿಜವಾಗಿ ಆರಾಮ ಇದ್ದೇನೆ. ಕೆಲಸಕ್ಕೆ ಹೋಗುವ ಕಾರು ಬಂದು ಹೊರಗೆ ನಿಂತಿದೆ. ಉಳಿದದ್ದು ರವಿವಾರ ಫೋನಿನಲ್ಲಿ.

ನಿಮ್ಮ ಮಗಳು