ಮಕ್ಕಳಿಗೆ ರಿಮೋಟ್ ಕ್ರಾಲರ್ ಟ್ರಕ್ ಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಐದಾರು ವರ್ಷದ ಮಕ್ಕಳಿಗೆ ಯಾವ ರಿಮೋಟ್ ಗಾಡಿ ಒಳ್ಳೆಯದು ಎಂದು ಗುಂಪಿನಲ್ಲಿ ಪದೇ ಪದೇ ಕೇಳುತ್ತಿದ್ದೀರಿ. ನನ್ನ ಮತ ಕ್ರಾಲರ್‌ಗೆ. ರೇಸ್ ಕಾರು ಎರಡು ಕ್ಷಣದಲ್ಲಿ ಗೋಡೆಗೆ ಗುದ್ದುತ್ತದೆ. ಕ್ರಾಲರ್ ನಡಿಗೆಯ ವೇಗದಲ್ಲಿ ಕಲ್ಲು, ದಿಂಬು, ಮೆಟ್ಟಿಲ ಅಂಚು ಹತ್ತುತ್ತದೆ, ಹಾಗಾಗಿ ಮಗುವಿಗೆ ಯೋಚಿಸಲು ಸಮಯ ಸಿಗುತ್ತದೆ.

ಅಳತೆ 1/24 ಅಥವಾ 1/18 ಸಾಕು, ಅಂದರೆ ನಿಜವಾದ ಗಾಡಿಯ ಇಪ್ಪತ್ತನಾಲ್ಕನೇ ಅಥವಾ ಹದಿನೆಂಟನೇ ಒಂದು ಪಾಲಿನಷ್ಟು ಉದ್ದ. 1/10 ಗಾಡಿ ಎರಡು ಮೂರು ಕಿಲೋ ತೂಗುತ್ತದೆ, ಕಾಲ ಮೇಲೆ ಬಿದ್ದರೆ ಅಳು ಗ್ಯಾರಂಟಿ.

ಮುಖ್ಯವಾಗಿ ನೋಡಬೇಕಾದ್ದು ರಿಮೋಟ್. ಟ್ರಿಗರ್ ಸ್ವಲ್ಪ ಒತ್ತಿದರೆ ನಿಧಾನ, ಪೂರ್ತಿ ಒತ್ತಿದರೆ ಜೋರು, ಹಾಗಿರಬೇಕು. ಅಗ್ಗದ ಆಟಿಕೆಗಳಲ್ಲಿ ಬರೀ ಆನ್, ಆಫ್ ಇರುತ್ತದೆ. ಅದರಲ್ಲಿ ಬಂಡೆ ಹತ್ತುವ ಮಜಾನೇ ಇಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆಯೇ, ಬಿಡಿಭಾಗ ಸಿಗುತ್ತವೆಯೇ ಎಂದೂ ಕೇಳಿ.

ಬ್ಯಾಟರಿ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಆಕ್ಸಿಯಲ್ ಎಸ್‌ಸಿಎಕ್ಸ್24, ಟ್ರಾಕ್ಸಾಸ್ ಟಿಆರ್‌ಎಕ್ಸ್-4ಎಂ ತರಹದ ಹವ್ಯಾಸಿ ಗಾಡಿಗಳು ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಓಡುತ್ತವೆ. ಚಾರ್ಜ್ ಮಾಡುವುದು ದೊಡ್ಡವರೇ, ಅದೂ ಎದುರಿಗೆ ಕೂತು. ರಾತ್ರಿಯಿಡೀ ಹಾಕಿ ಮಲಗಬೇಡಿ. ಉಬ್ಬಿದ ಬ್ಯಾಟರಿ ಮತ್ತೆ ಬಳಸಲೇಬೇಡಿ. ಇಂಥ ಗಾಡಿಗಳ ಡಬ್ಬದ ಮೇಲೆ ಸಾಮಾನ್ಯವಾಗಿ 14 ವರ್ಷ ಎಂದಿರುತ್ತದೆ, ಅಂದರೆ ಚಿಕ್ಕವರ ಜೊತೆ ನೀವೂ ನೆಲದ ಮೇಲೆ ಕೂರಬೇಕು. (ಅಪ್ಪಂದಿರಿಗೆ ಇದೇನು ಕಷ್ಟವಲ್ಲ ಬಿಡಿ.)

ಮೂರು ವರ್ಷಕ್ಕಿಂತ ಚಿಕ್ಕ ತಮ್ಮ, ತಂಗಿ ಮನೆಯಲ್ಲಿದ್ದರೆ ಸಣ್ಣ ತಿರುಪು, ಕಳಚುವ ಭಾಗಗಳನ್ನು ಎತ್ತಿಡಿ. ಯಾರಾದರೂ ಈಗಾಗಲೇ ಕೊಂಡಿದ್ದರೆ ಮಗು ಹೇಗೆ ಓಡಿಸುತ್ತಿದೆ ಎಂದು ಇಲ್ಲೇ ಬರೆಯಿರಿ.